ಇನ್ನೂ ಹುಟ್ಟದ ಕ್ಯಾಮೆರಾ ಮತ್ತು ವಿರೂಪಣ್ಣನವರು

ನಮ್ಮ ನಾಡಿನ ಛಾಯಾಗ್ರಾಹಕರಲ್ಲಿ ಬೆಳಕನ್ನು ಹುಡುಕಿಕೊಂಡು ಹೋದವರು ಹಲವರು, ಕಾದು ಕುಳಿತವರು ಕೆಲವರು, ಬೆಳಕೇ ಬೆಳಗಾಗೆದ್ದು ಬಾಗಿಲು ತಟ್ಟಿ, "ಏನ್ರೀ, ಇವತ್ತು ಎಲ್ಲಿ ಬೀಳ್ಲಿ?" ಎಂದು ಕೇಳುವುದು ರಾಯಚೂರಿನ ಶ್ರೀ ವಿರೂಪಣ್ಣ ಕಲ್ಲೂರ ಅವರೊಬ್ಬರನ್ನೇ. ಇದನ್ನು ಉತ್ಪ್ರೇಕ್ಷೆ ಎನ್ನುವವರು ಮೇ ತಿಂಗಳ ನಡುಮಧ್ಯಾಹ್ನ ನಮ್ಮೂರಿಗೆ ಬಂದು ಬೆಳಕನ್ನೇ ವಿಚಾರಿಸಬಹುದು. ಗ್ರಾಮಜೀವನ ದಾಖಲೆ ಕೇಂದ್ರದ ಛಾಯಾಗ್ರಾಹಕರಾಗಿ ಮಾನ್ವಿ, ದೇವದುರ್ಗ ಸೀಮೆಯ ಹೊಲ, ಹಟ್ಟಿ, ಸಂತೆಗಳನ್ನೆಲ್ಲ ಸುತ್ತಿ, ಎರಡು ಹೊಳೆಗಳ ನಡುವೆ ತಮ್ಮ ಚಿತ್ರಕ್ಕೆ ಸಿಗದ ಒಂದು ಮೇಕೆಯನ್ನೂ ಉಳಿಸದೆ ಅವರೀಗ ನಿವೃತ್ತರಾಗುತ್ತಿದ್ದಾರೆ.

ಅವರ ಕೈಯಲ್ಲಿ ಮೊದಲಿನಿಂದಲೂ ಇದ್ದದ್ದು ರೇಂಜ್‌ಫೈಂಡರ್ ಕ್ಯಾಮೆರಾ. ಮೊದಲು ಫಿಲ್ಮಿನದು, ಆಮೇಲೆ ಹೈದರಾಬಾದಿನಿಂದ ತರಿಸಿದ ಹಳೆಯ ಡಿಜಿಟಲ್. ಅದರ ಮೂಲೆಯಲ್ಲೊಂದು ಪುಟ್ಟ ಕಿಟಕಿ. ಕಣ್ಣಿಟ್ಟರೆ ಎದುರಿನವರು ನಡುವಿನ ಚೌಕದಲ್ಲಿ ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ಬಳೆ ತಿರುಗಿಸುತ್ತ ಆ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸಿದಾಗಲೇ ಚಿತ್ರ ಸ್ಪಷ್ಟ. ಆದರೆ ಕಿಟಕಿಯೇ ಬೇರೆ, ಲೆನ್ಸೇ ಬೇರೆ. ಕಿಟಕಿಗೆ ಲೋಕವೆಲ್ಲ ಕಾಣುತ್ತಿರುವಾಗ ಲೆನ್ಸು ಮುಚ್ಚಳ ಹಾಕಿಕೊಂಡು ಕುರುಡಾಗಿದ್ದರೂ ತೆಗೆಯುವವರಿಗೆ ತಿಳಿಯುವುದಿಲ್ಲ.

ಸೇವೆಗೆ ಸೇರಿದ ಹೊಸತರಲ್ಲಿ ದೇವದುರ್ಗದ ಕಡೆಯ ಹಳ್ಳಿ ಮಸರಕಲ್ಲಿನಲ್ಲಿ ಆದದ್ದೂ ಅದೇ. ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೊರಟಿದ್ದ ದುರುಗಮ್ಮ ಬೆಳ್ಳಿ ಕಡಗ ತೊಟ್ಟು, ಕೋಲು ಊರಿ, ಜೀವನದ ಮೊದಲ ಫೋಟೊಗೆ ನಿಂತಿದ್ದರು. ವಿರೂಪಣ್ಣನವರು ರೋಲು ಮುಗಿಯುವವರೆಗೆ ತೆಗೆದರು. ರಾಯಚೂರಿಗೆ ಬಂದು ತೊಳೆದರೆ ಫಿಲ್ಮಿನಲ್ಲಿ ಕುರಿಯ ಒಂದು ಕೂದಲೂ ಮೂಡಿರಲಿಲ್ಲ. ಬೇರೆಯವರಾದರೆ ತಪ್ಪನ್ನು ಮೋಡದ ಮೇಲೋ ಫಿಲ್ಮು ಮಾರಿದ ಅಂಗಡಿಯವನ ಮೇಲೋ ಹಾಕಿ ಸುಮ್ಮನಾಗುತ್ತಿದ್ದರು. ಇವರು ಹಿಂಡಿನ ಜಾಡು ಹಿಡಿದು ಕೃಷ್ಣೆಯ ದಡದುದ್ದಕ್ಕೂ ನಡೆದರು. ಹೋಗುವಾಗ ಕಾಲಲ್ಲಿದ್ದ ಚಪ್ಪಲಿಗಳಲ್ಲಿ ಹಿಂದಿರುಗುವಾಗ ಉಳಿದಿದ್ದದ್ದು ಉಂಗುಷ್ಠ ಮಾತ್ರವಂತೆ! ಹಟ್ಟಿ ಸಿಕ್ಕಿತು. ಮುಚ್ಚಳ ತೆಗೆಯಲು ಮರೆತದ್ದನ್ನು ಒಪ್ಪಿಕೊಂಡು, ಇನ್ನೊಮ್ಮೆ ನಿಲ್ಲಬೇಕೆಂದು ಕೈಮುಗಿದರು.

"ಅಲ್ರೀ ಯಪ್ಪಾ, ಕುರಿಗೆ ಹುಲ್ಲು ಹಾಕಿ ಬಾಯಿ ಕಟ್ಟಿದಂಗಾತಲ್ರೀ ನಿಮ್ಮ ಕೆಲಸ!" ಎಂದು ಆಕೆ ನಕ್ಕ ನಗೆಗೆ ಹಿಂಡೆಲ್ಲ ಬೆದರಿತಂತೆ. ಆ ನಗುವೇ ಚಿತ್ರವಾಯಿತು. ಅದನ್ನು ಅಂಚೆಗೆ ಹಾಕದೆ ತಾವೇ ಒಯ್ದು ಕೊಟ್ಟರು. ಇಂದಿಗೂ ಅದು ಆ ಮನೆಯ ಗೋಡೆಯ ಮೇಲಿದೆ.

ಶಿಷ್ಯೆ ಯಶೋಧಾ ಕೆಲಸಕ್ಕೆ ಸೇರಿದ ದಿನವೇ ತಮ್ಮ ಕ್ಯಾಮೆರಾವನ್ನು ಆಕೆಯ ಕೊರಳಿಗೆ ಹಾಕಿ, ತಾವು ಬರಿಗೈಯಲ್ಲಿ ಹಿಂದೆ ನಡೆದ ಗುರುಗಳು ಇವರು. ಆ ಕ್ಯಾಮೆರಾ ಕೆಟ್ಟಾಗ ಮಾನ್ವಿಯ ನಬೀಸಾಬರ ರಿಪೇರಿ ಅಂಗಡಿಯೇ ಗತಿ. ಅಲ್ಲಿ ಚಹಾದ ಜೊತೆಗೆ ನಡೆಯುತ್ತಿದ್ದದ್ದು ಒಂದೇ ಚರ್ಚೆ: ಮುಂದೆ ಬರಬೇಕಾದ ಡಿಜಿಟಲ್ ರೇಂಜ್‌ಫೈಂಡರ್ ಹೇಗಿರಬೇಕು?

"ಅಣ್ಣಾರ, ಈಗಿನ ಕ್ಯಾಮೆರಾ ಕುರಿ ಕಣ್ಣು ಎಲ್ಲೈತಂತ ತಾನ ಹುಡುಕ್ತದ. ನಿಮ್ದೇನು ಮಾಡ್ತದ?" ಎಂದು ನಬೀಸಾಬ್ ಕೆಣಕುವರು.

"ನನ್ನ ಕೆಲಸ ನನಗ ಬಿಡ್ತದ, ನಬೀಸಾಬ್."

ಹೀಗೆಂದು ವಿರೂಪಣ್ಣನವರು ಇನ್ನೂ ಹುಟ್ಟದ ಆ ಯಂತ್ರವನ್ನು ಗಾಳಿಯಲ್ಲೇ ಕಟ್ಟುತ್ತಿದ್ದರು. ಎರಡು ಬಿಂಬವನ್ನು ಯಂತ್ರ ತಾನಾಗಿ ಕೂಡಿಸಕೂಡದು. ಆದರೆ ಕೂಡಿದ ಕ್ಷಣ ಬೆರಳಿಗೆ ಸಣ್ಣಗೆ ಮಿಡಿದು ತಿಳಿಸಬೇಕು. ಚೌಕಟ್ಟಿನ ಆಚೆ ಬರುತ್ತಿರುವ ಕುರಿಯೂ ಈಗಿನಂತೆಯೇ ಕಿಟಕಿಯಲ್ಲಿ ಕಾಣಬೇಕು. ಕಿಟಕಿಯ ಗಾಜು ಅವರವರ ಕಣ್ಣಿನ ನಂಬರಿಗೆ ತಿರುಗಬೇಕು. ಬ್ಯಾಟರಿ ಮಾತ್ರ ನಮ್ಮ ಬಿಸಿಲನ್ನೇ ಉಂಡು ಬದುಕಬೇಕು. ಇದೊಂದು ಕೈಗೂಡಿದರೆ ರಾಯಚೂರು ಜಿಲ್ಲೆಯೊಂದೇ ಜಗತ್ತಿನ ಕ್ಯಾಮೆರಾಗಳನ್ನೆಲ್ಲ ಸಾಕೀತು ಎಂಬುದು ಅಂಗಡಿಯಲ್ಲಿದ್ದವರ ಒಮ್ಮತದ ತೀರ್ಮಾನವಾಗಿತ್ತು.

ಬೆರಳಿನ ಮಿಡಿತವನ್ನೂ ಕಣ್ಣಿನ ನಂಬರನ್ನೂ ಅವರು ಏಕೆ ಬೇಡುತ್ತಿದ್ದರೆಂಬುದು ಯಶೋಧಾ ಒಬ್ಬರಿಗೇ ಗೊತ್ತಿತ್ತು. ವಿರೂಪಣ್ಣನವರ ಬಲಗಣ್ಣಿಗೆ ಮಂಜು ಕವಿದಿತ್ತು. ಅದು ಪೂರ್ತಿ ಸರಿಯುವಂಥದ್ದಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ತಾನೇ ಫೋಕಸ್ ಮಾಡುವ ಕ್ಯಾಮೆರಾ ಕೊಳ್ಳಿರೆಂದರೆ, ಬೇರೆಯವರ ಕೈಯಿಂದ ಉಂಡಂತಾಗುತ್ತದೆ ಎನ್ನುತ್ತಿದ್ದರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಮುಖಪುಟಕ್ಕೆಂದು ಕಳೆದ ತಿಂಗಳು ಮಸರಕಲ್ಲಿಗೆ ಹೊರಟಾಗ ಬಸ್ಸಿನಲ್ಲಿ ಆಕೆಗೆ ಮೆಲ್ಲಗೆ ಅಂದರು: "ಇವತ್ತು ಎರಡು ಒಂದಾಗ್ಲಿಲ್ಲಂದ್ರ, ಇದು ನಿನ್ನ ಕೊರಳಾಗ ಉಳೀತದವ್ವಾ. ಮತ್ತ ನಾ ಮುಟ್ಟಂಗಿಲ್ಲ."

ದುರುಗಮ್ಮ ಈಗ ಮೊಮ್ಮಕ್ಕಳ ಅಜ್ಜಿ. ಅದೇ ಜಾಗದಲ್ಲಿ ಕೋಲು ನೆಟ್ಟಗೆ ಊರಿ ನಿಂತರು. ವಿರೂಪಣ್ಣನವರು ಬಲಗಣ್ಣಿಟ್ಟರು, ಕೋಲು ಎರಡಾಗಿ, ಎರಡೂ ಹೊಗೆಯಾಗಿ ಹರಡಿದವು. ಬಳೆ ಅತ್ತ ತಿರುಗಿತು, ಇತ್ತ ತಿರುಗಿತು. ಯಶೋಧಾ ನೆಲ ನೋಡುತ್ತಿದ್ದರು. ಆಗ ವಿರೂಪಣ್ಣನವರು, ಅಷ್ಟು ವರ್ಷ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು: ಕ್ಯಾಮೆರಾವನ್ನು ಎಡಗಣ್ಣಿಗೆ ತಂದರು. ಕಿಟಕಿ ಎಡಮೂಲೆಯಲ್ಲಿರುವುದರಿಂದ ಮೂಗು ಜಜ್ಜಿ ಮುಖವೆಲ್ಲ ಯಂತ್ರದ ಹಿಂದೆ ಮುಚ್ಚಿಹೋಯಿತು. ಆದರೆ ಎರಡು ಕೋಲು ತೆವಳುತ್ತ ಬಂದು ಒಂದಾದವು. ಆ ಕ್ಷಣ ಕುರಿಗಳೂ ಮೆಲುಕು ನಿಲ್ಲಿಸಿದವೆಂದರೆ ನಂಬಬೇಕು. ಕ್ಲಿಕ್ಕೆಂದಿತು.

ಹಿಂದಿನ ಪರದೆ ನೋಡಿದರು. ಕಪ್ಪು. ಅಂಚಿನಿಂದ ಅಂಚಿಗೆ ಬರೀ ಕಪ್ಪು. ಎಡಗಣ್ಣೂ ಹೋಯಿತೆಂದುಕೊಂಡರು. ಕೊರಳ ಪಟ್ಟಿ ತೆಗೆದು ಯಶೋಧಾರತ್ತ ಚಾಚಿಯೇಬಿಟ್ಟರು.

ಆಚೆಯಿಂದ ದುರುಗಮ್ಮನ ದನಿ ಬಂತು: "ಯಪ್ಪಾ, ಮುಚ್ಚಳಾ ತಗದೀರೇನ್ರೀ?"

ಎರಡನೆಯ ಬಾರಿ ತೆಗೆದ ಚಿತ್ರ ಈ ಸಂಪುಟದ ಮುಖಪುಟದಲ್ಲಿದೆ. ಕೋಲು ಒಂದೇ ಇದೆ, ಓದುಗರು ನೋಡಿಕೊಳ್ಳಬಹುದು.

ಹಿಂದಿರುಗುವಾಗ ದೇವದುರ್ಗದ ಬಸ್ ನಿಲ್ದಾಣದಲ್ಲಿ ವಿರೂಪಣ್ಣನವರು ತಮ್ಮ ಬೇಡಿಕೆಗೆ ಇನ್ನೆರಡು ಸೇರಿಸಿದರು: "ಕಿಟಕಿ ಬಲಮೂಲಿಗೂ ಒಂದಿರ್ಲಿ, ಎಡಗಣ್ಣಿನವರ ಮೂಗು ಉಳೀತದ. ಮತ್ತ ಮುಚ್ಚಳ ಇದ್ರ ಕ್ಯಾಮೆರಾ ಬೈಬೇಕು. ದುರುಗಮ್ಮನ ದನಿಲೇ ಬೈಬೇಕು."

ಅಂಥ ಕ್ಯಾಮೆರಾ ಯಾವ ದೇಶದ ಯಾವ ಕಾರ್ಖಾನೆಯಲ್ಲಿ ಹುಟ್ಟುವುದೋ ತಿಳಿಯದು. ಅದು ಹುಟ್ಟಿ, ರಾಯಚೂರಿಗೆ ಬಂದು, ಹಳತಾಗಿ, ನಬೀಸಾಬರ ಅಂಗಡಿಗೆ ರಿಪೇರಿಗೆ ಹೋಗಿ ಮರಳುವವರೆಗೂ ವಿರೂಪಣ್ಣನವರಿಗೆ ಆಯುಸ್ಸೂ ಆರೋಗ್ಯವೂ ಕೂಡಿಬರಲಿ, ಎಡಗಣ್ಣು ಚುರುಕಾಗಿರಲಿ, ಅಲ್ಲಿಯವರೆಗೆ ಬೈಯುವ ಹೊಣೆಯನ್ನು ಮಸರಕಲ್ಲಿನ ಆ ತಾಯಿ ಬಿಡದೆ ನಡೆಸಿಕೊಡಲಿ.