ಕಾರಾಂಟಿ ದೋಣಿ ಹತ್ತಿದ ದಿನ

ಕಳೆದ ವಾರ ಬೆಳಗಿನ ಟ್ರೇನಿನಲ್ಲಿ ಪಕ್ಕದ ಸೀಟಿನ ಹೆಂಗಸು ಪರ್ಸಿನಿಂದ ಶುಂಠಿ ಮಿಠಾಯಿ ತೆಗೆದು ಕಾಗದ ಬಿಚ್ಚಿದರು. ಸಿಹಿಗಿಂತ ಖಾರವೇ ಮುಂದಾಗಿ ಬರುವ, ಮೂಗಿನೊಳಗೆ ತುಸು ಚುರುಗುಟ್ಟುವ ಆ ವಾಸನೆ… ಬೆರ್ರಿಯೆಸಾದಲ್ಲಿ ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸು ಬರುವವರೆಗೂ ನಾನು ಫೋನಿನಿಂದ ತಲೆ ಎತ್ತುವವಳಲ್ಲ. ಅಂದು ಫೋನು ತೊಡೆಯ ಮೇಲೇ ಉಳಿಯಿತು. ಆ ವಾಸನೆ ನನಗೆ ಗೊತ್ತಿದ್ದದ್ದು ಒಂದು ಹಳೆಯ ನೀಲಿ ಕಾರಿನದು. ಅದರ ಒಡತಿಯನ್ನು ನಾವೆಲ್ಲ ಕಾರಾಂಟಿ ಎಂದೇ ಕರೆಯುತ್ತಿದ್ದೆವು. ಎದುರಿಗೆ ಬರೀ ಆಂಟಿ. ಬೆನ್ನ ಹಿಂದೆ, ಪ್ರೀತಿಯಿಂದ, ಕಾರಾಂಟಿ.

ನಾನು ಮೈಸೂರಿನಿಂದ ಮದುವೆಯಾಗಿ ಪ್ಲೆಸೆಂಟನ್ನಿಗೆ ಬಂದಾಗ ಅವರು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದರು. ಮಂಗಳೂರಿನವರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನಸುಕಿನಲ್ಲಿ ಹೋಗಿ ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದರು. ಊಟ ಮುಗಿಸಿ, ಬಟ್ಟೆ ಬದಲಿಸಿ, ಯಾರಾದರೊಬ್ಬ ಹೊಸ ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ಇಂಡಿಯಾದಿಂದ ಬಂದು, ಗಂಡ ಆಫೀಸಿಗೆ ಹೋದ ಮೇಲೆ ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಲಾಟು ನೋಡುವವರನ್ನು ಕಂಡರೆ ಅವರಿಗೆ ಸುಮ್ಮನಿರಲಾಗುತ್ತಿರಲಿಲ್ಲ. ನನ್ನನ್ನೂ ಹಾಗೇ ಕಂಡುಹಿಡಿದರು. ಒಂದು ಮಧ್ಯಾಹ್ನ ಬಾಗಿಲು ತಟ್ಟಿ, "ಎಂತ ಮಾಡ್ತಾ ಇದ್ದಿ? ಏನಿಲ್ವಾ? ಹಾಗಾದ್ರೆ ಬಾ, ಕಾರು ಕಲಿಯುವ" ಅಂದರು. ಹೆಸರು ಕೇಳಿದ್ದು ಕಾರಿನೊಳಗೆ ಕೂತ ಮೇಲೆ.

ಚರ್ಚೊಂದರ ಹಿಂದಿನ ಖಾಲಿ ಪಾರ್ಕಿಂಗ್ ಲಾಟು ನಮ್ಮ ಪಾಠಶಾಲೆ. ನನಗೆ ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು, ಬ್ರೇಕಿನಿಂದ ಕಾಲು ಏಳುತ್ತಿರಲಿಲ್ಲ. ಆಂಟಿ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಶುಂಠಿ ಮಿಠಾಯಿ ಕೊಡುತ್ತಿದ್ದರು. "ಕಾರು ಕಚ್ಚುದಿಲ್ಲ ಮಾರಾಯ್ತಿ. ಬಾಯಿಗೆ ಹಾಕು, ಬ್ರೇಕ್ ಬಿಡು." ನಾನು ಓಡಿಸುತ್ತಿದ್ದಷ್ಟು ಹೊತ್ತೂ ಪಕ್ಕದಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. ಬಾಯಲ್ಲಿ ಮಾತ್ರ ಗಾಬರಿ ಇಲ್ಲ.

ಅವರೇ ಕಾರು ಕಲಿತದ್ದು ತಡವಾಗಿ. ಎಲ್ಲಿಗೆ ಹೋಗುವುದಿದ್ದರೂ ಗಂಡನೇ ಕರೆದುಕೊಂಡು ಹೋಗುತ್ತಿದ್ದರಂತೆ. ಅವರು ಇದ್ದಕ್ಕಿದ್ದಂತೆ ತೀರಿಕೊಂಡರು. ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಬೆಳಿಗ್ಗೆ ಮನೆಯಲ್ಲಿ ಹಾಲಿರಲಿಲ್ಲ. ಕೆಳಗೆ ಕಾರು ನಿಂತಿದೆ, ಕೈಯಲ್ಲಿ ಕೀ ಇದೆ, ಓಡಿಸಲು ಬಾರದು. ಪುಟ್ಟ ಮಗನ ಕೈ ಹಿಡಿದು, ಕಾಲುದಾರಿಯೂ ಇಲ್ಲದ ರಸ್ತೆಯ ಅಂಚಿನಲ್ಲಿ ಬಿಸಿಲಲ್ಲಿ ನಡೆದು ಹಾಲು ತಂದರಂತೆ. "ಆ ದಿನ ಅತ್ತದ್ದು ಅವರು ಹೋದ್ರು ಅಂತ ಅಲ್ಲ" ಎಂದು ಒಮ್ಮೆ ಹೇಳಿದ್ದರು. "ಹಾಲಿನ ಕ್ಯಾನ್ ಭಾರ ಇತ್ತು ಅಂತ." ಅಷ್ಟು ಹೇಳಿ, ಇಂಡಿಕೇಟರ್ ಹಾಕು ಎಂದರು.

ನಾನು ಲೈಸೆನ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಎರಡು ಸಲವೂ ಆಂಟಿ ನನ್ನನ್ನು ನೇರ ಊಟಕ್ಕೆ ಕರೆದುಕೊಂಡು ಹೋದರು. "ಫೇಲಾದ ದಿನ ಹೊಟ್ಟೆ ತುಂಬ ತಿನ್ನಬೇಕು. ಪಾಸಾದ ದಿನ ಹೇಗೂ ಹಸಿವಾಗುದಿಲ್ಲ." ಕೊನೆಗೆ ಪಾಸಾದ ದಿನ ಅವರೆಂದದ್ದು ನಿಜವೇ ಆಗಿತ್ತು…

ಆಮೇಲೆ ನನಗೆ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ನಾವು ಬೆರ್ರಿಯೆಸಾಕ್ಕೆ ಮನೆ ಬದಲಿಸಿದೆವು. ಆಂಟಿ ರಿಟೈರಾದರೂ ಕಾರು ನಿಲ್ಲಲಿಲ್ಲ. ಪತ್ರೊಡೆ ಮಾಡಿದ ದಿನ ಡಬ್ಬಿ ತುಂಬಿಕೊಂಡು ಫ್ರೀವೇ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಬೇರೆಯವರ ಕಾರಿನಲ್ಲಿ ಕೂರಿ ಎಂದರೆ ಮಾತ್ರ ಕೇಳುತ್ತಿರಲಿಲ್ಲ. ಹಬ್ಬಕ್ಕೋ ಮದುವೆಗೋ ಹೋಗುವಾಗ ನಮ್ಮ ಕಾರಿನಲ್ಲಿ ಜಾಗವಿದ್ದರೂ ತಮ್ಮ ಕಾರಿನಲ್ಲೇ ಹಿಂದೆ ಬರುವರು.

ಹಾಗಿದ್ದವರು ಒಂದು ಶನಿವಾರ ಫೋನು ಮಾಡಿ, "ನಾಳೆ ಬಿಡುವುಂಟಾ? ಓಕ್ಲಂಡಿಗೆ ಹೋಗ್ಲಿಕ್ಕುಂಟು. ನೀನೇ ಡ್ರೈವ್ ಮಾಡ್ಬೇಕು" ಅಂದರು. ಅವರ ಹುಟ್ಟುಹಬ್ಬಕ್ಕೆ ಶಿಕಾಗೋದಲ್ಲಿದ್ದ ಮಗ ಇಬ್ಬರಿಗಾಗುವಂತೆ ಗೊಂಡೋಲ ಸವಾರಿ ಕಾದಿರಿಸಿದ್ದನಂತೆ. ಓಕ್ಲಂಡಿನ ನಡುಮಧ್ಯೆ ಇರುವ ಸರೋವರ, ಕೊಲ್ಲಿಯ ಉಪ್ಪುನೀರು ಕಾಲುವೆಯಲ್ಲಿ ಬಂದು ತುಂಬಿ ಇಳಿಯುವ ಜಾಗ. ಅಲ್ಲಿ ವೆನಿಸಿನ ಮಾದರಿಯ ದೋಣಿಗಳು ಓಡಾಡುತ್ತವೆ ಎಂದು ನಾನೂ ಕೇಳಿದ್ದೆ, ನೋಡಿರಲಿಲ್ಲ. ದೋಣಿಯ ಸಂಗತಿ ನನಗೆ ವಿಚಿತ್ರ ಅನ್ನಿಸಲಿಲ್ಲ. "ನೀನೇ ಡ್ರೈವ್ ಮಾಡ್ಬೇಕು" ಎಂದದ್ದು ಅನ್ನಿಸಿತು.

ಮಾರನೆಯ ದಿನ ಅವರು ನನ್ನ ಪಕ್ಕದ ಸೀಟಿನಲ್ಲಿ ಪರ್ಸನ್ನು ಮಡಿಲಲ್ಲಿಟ್ಟು ಕೂತರು. ಪ್ಲೆಸೆಂಟನ್ನಿನಿಂದ ಓಕ್ಲಂಡಿನವರೆಗೆ ನನ್ನ ಒಂದೇ ಒಂದು ತಪ್ಪನ್ನೂ ಎತ್ತಿ ತೋರಿಸಲಿಲ್ಲ. ಒಂದು ಲಾರಿಯ ಮುಂದೆ ನಾನು ಸ್ವಲ್ಪ ಅವಸರದಲ್ಲಿ ನುಗ್ಗಿದೆ. ಬೈಗುಳ ಬರಲೆಂದು ಕಾದೆ. ಬರಲಿಲ್ಲ. ನಿಜಕ್ಕೂ ಹೆದರಿಕೆಯಾದದ್ದು ಆಗ.

ದಡದಲ್ಲಿ ಉದ್ದನೆಯ ಕರಿ ದೋಣಿ ಕಾದಿತ್ತು. ಕೆಂಪು ಮೆತ್ತೆ, ಕಾಲಿಗೆ ಹೊದೆಯಲು ಕಂಬಳಿ. ಪಟ್ಟೆ ಅಂಗಿಯ ಅಂಬಿಗ, ಎತ್ತರದ ನಗುಮುಖದ ಮನುಷ್ಯ, ಆಂಟಿಯ ಕೈ ಹಿಡಿದು ಇಳಿಸಿಕೊಂಡ. ನಾವು ಮುಂದಕ್ಕೆ ಮುಖ ಮಾಡಿ ಕೂತೆವು; ಅವನು ನಮ್ಮ ಬೆನ್ನ ಹಿಂದೆ, ದೋಣಿಯ ತುದಿಯಲ್ಲಿ ನಿಂತು ಹುಟ್ಟು ಹಾಕತೊಡಗಿದ. ಸಂಜೆಯ ಬಿಸಿಲು ಇನ್ನೂ ಇತ್ತು. ನೀರು ಅಲುಗಿದ್ದೇ ಗೊತ್ತಾಗಲಿಲ್ಲ. ಟ್ರಾಫಿಕ್ಕಿನ ಸದ್ದು ದಡದಲ್ಲೇ ಉಳಿದುಕೊಂಡಿತು.

ಆಂಟಿ ಮತ್ತೆ ಮತ್ತೆ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದರು. "ಇದೆಂತ ಮಾರಾಯ್ತಿ, ಡ್ರೈವರು ಹಿಂದೆ, ಪ್ಯಾಸೆಂಜರು ಮುಂದೆ! ನಾವು ಅಡ್ಡ ಕೂತ್ರೆ ಅವನಿಗೆ ದಾರಿ ಕಾಣುದು ಹೇಗೆ?"

ಅಂಬಿಗನಿಗೆ ಏನರ್ಥವಾಯಿತೋ, ಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ಮೇಡಮ್, ಈ ದೋಣಿಗೆ ಬ್ರೇಕಿಲ್ಲ."

ಕೆಳಗೆ ನೋಡಿದರೆ ಆಂಟಿಯ ಬಲಗಾಲು ಕಂಬಳಿಯಡಿಯಲ್ಲಿ ಹಲಗೆಯನ್ನು ಬಲವಾಗಿ ಒತ್ತುತ್ತಿತ್ತು. ಮೂವರೂ ನಕ್ಕೆವು. ಆಂಟಿ ಕಣ್ಣೊರೆಸಿಕೊಂಡು ನಕ್ಕರು. ಒರೆಸಿಕೊಂಡ ಕೈಯನ್ನು ಹಾಗೇ ಕಣ್ಣ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗದೆ ಹೇಳಿದರು.

"ನನಗೆ ನಡು ಕಾಣುದಿಲ್ಲ."

"ಏನಂದ್ರಿ?"

"ಕಣ್ಣು. ಸುತ್ತ ಕಾಣ್ತದೆ. ನಟ್ಟನಡುವೆ ಹೊಗೆ ಹಾಗೆ. ನಿನ್ನ ಕಿವಿಯ ಓಲೆ ಕಾಣ್ತದೆ, ಮೂಗು ಕಾಣುದಿಲ್ಲ. ಡಾಕ್ಟ್ರು ಕಾರು ಬೇಡ ಅಂದ್ರು. ಅವರಿಗೆಂತ ಗೊತ್ತು ಅಂತ ಬಂದೆ. ಮೊನ್ನೆ ಲೈಬ್ರರಿ ಹತ್ರ ಒಬ್ಬ ಮುದುಕ ಕಾರಿನ ಮೂತಿಗೆ ಕೈಯಲ್ಲಿ ಬಡಿದ ಮೇಲೆಯೇ ನನಗೆ ಗೊತ್ತಾದದ್ದು, ಎದುರು ಮನುಷ್ಯ ಇದ್ದಾನೆ ಅಂತ."

"ಆಂಟಿ, ಮಗನಿಗೆ ಹೇಳಿದ್ರಾ?"

"ಹೇಳಿದ್ರೆ ನಾಳೆಯೇ ಬಂದು ಕರ್ಕೊಂಡು ಹೋಗ್ತಾನೆ. ಕಾರಿಲ್ಲದೆ ಇಲ್ಲಿ ಒಬ್ಬಳೇ ಇರ್ಲಿಕ್ಕಾಗ್ತದಾ, ನೀನೇ ಹೇಳು." ನನ್ನ ಕೈ ಹಿಡಿದರು. "ನಿನಗೆ ನಾನು ಎಷ್ಟು ಟೆಸ್ಟ್ ಮಾಡಿದ್ದೇನೆ. ಇವತ್ತು ನೀನು ನನಗೆ ಮಾಡು. ಅದಕ್ಕೇ ಕರ್ಕೊಂಡು ಬಂದದ್ದು. ಇಲ್ಲಿ ಯಾರಿಗೂ ಗುದ್ದುವ ಹೆದರಿಕೆ ಇಲ್ಲ. ಕನಿಕರ ಮಾತ್ರ ಬೇಡ."

ಬೇಡ ಆಂಟಿ ಎಂದೆ. ಅವರು ಕೈ ಬಿಡಲಿಲ್ಲ.

ಎದುರಿಗೆ ಏನು ಕಾಣುತ್ತಿದೆ ಎಂದು ಕೇಳಿದೆ. ದೊಡ್ಡ ಕಟ್ಟಡ, ಕಿಟಕಿಗಳು ಹೊಳೆಯುತ್ತಿವೆ ಎಂದರು, ಸರಿಯಾಗಿತ್ತು. ದಡದ ಮರಗಳನ್ನು, ಓಡುತ್ತಿದ್ದವರನ್ನು ಹೇಳಿದರು, ಅದೂ ಸರಿ. ಅವರ ದನಿಯಲ್ಲಿ ಸ್ವಲ್ಪ ಧೈರ್ಯ ಬಂತು. ನೀರಿನಲ್ಲಿದ್ದ ಕಂಬದ ಮೇಲೆ?

"ಬಿಳಿ ಬಕೆಟು. ಯಾರೋ ಕವುಚಿ ಇಟ್ಟಿದ್ದಾರೆ."

ಅದು ಕೊಕ್ಕರೆಯಾಗಿತ್ತು. ನಾನು ಹೇಳುವ ಮೊದಲೇ ರೆಕ್ಕೆ ಬಿಚ್ಚಿ ಹಾರಿಹೋಯಿತು. ಆಂಟಿ ಖಾಲಿ ಕಂಬವನ್ನೇ ನೋಡುತ್ತಿದ್ದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ದೋಣಿ ಅಷ್ಟರಲ್ಲಿ ಕಾಲುವೆಯ ಬಾಯಿಗೆ ಹತ್ತಿರವಾಗಿತ್ತು. ಅಲ್ಲಿ ನೀರಿಗಿಳಿಯುವ ಮೆಟ್ಟಿಲುಗಳಿದ್ದವು.

"ಆ ಮೆಟ್ಟಿಲ ಮೇಲೆ, ಆಂಟಿ?"

ಅವರು ನೆಟ್ಟು ನೋಡಿದರು. ತುಂಬ ಹೊತ್ತು ನೋಡಿದರು. "ಯಾರೂ ಇಲ್ಲ. ಖಾಲಿ."

"ಒಂದು ಮಗು ಇದೆ. ಹಳದಿ ಜಾಕೆಟ್ಟು. ಅವರಮ್ಮ ಹಿಂದೆ ನಿಂತಿದ್ದಾರೆ. ಮಗು ನಮಗೇ ಟಾಟಾ ಮಾಡ್ತಾ ಇದೆ."

ಆಂಟಿ ನಿಧಾನವಾಗಿ ಕೈ ಎತ್ತಿ ಆ ಕಡೆಗೆ ಬೀಸಿದರು. ಅವರು ಕೈ ಬೀಸಿದ್ದು ಮಗುವಿದ್ದ ಕಡೆಗಿಂತ ಚೂರು ಪಕ್ಕಕ್ಕೆ, ಯಾರೂ ಇಲ್ಲದ ಮೆಟ್ಟಿಲಿನ ಕಡೆಗೆ. ಮಗು ಕುಣಿಕುಣಿದು ಟಾಟಾ ಮಾಡಿತು.

"ಫೇಲ್" ಎಂದರು ಆಂಟಿ.

ಅವರ ಕೈ ನನ್ನ ಕೈಯಲ್ಲೇ ಇತ್ತು. ಅಂಬಿಗ ದೋಣಿಯನ್ನು ತಿರುಗಿಸಿದ. ಹಾಡು ಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದು ಸನ್ನೆ ಮಾಡಿದೆ. ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದು, ದೂರದಲ್ಲಿ ಬಾತುಗಳ ಕಲರವ. ಸ್ವಲ್ಪ ದೂರ ಹೋದ ಮೇಲೆ ಆಂಟಿ ಮೆತ್ತೆಗೆ ಒರಗಿ ಮುಖವನ್ನು ಮೇಲಕ್ಕೆತ್ತಿದರು. "ಈ ದೇಶಕ್ಕೆ ಬಂದು ಇಷ್ಟು ವರ್ಷ ಆಯ್ತು. ರೋಡು ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ ನಾನು" ಎಂದರು. ದೂರಿನ ದನಿಯಲ್ಲ, ಬರೀ ಆಶ್ಚರ್ಯ. ಆಮೇಲೆ ನೋಡಿದರೆ ನಿದ್ದೆ ಹೋಗಿದ್ದರು. ಬಾಯಿ ಚೂರು ತೆರೆದಿತ್ತು. ಕಾಲು ಕಂಬಳಿಯೊಳಗೆ ಸಡಿಲವಾಗಿ ಚಾಚಿತ್ತು. ನಾನು ತಿರುಗಿ ಅಂಬಿಗನ ಮುಖ ನೋಡಿದೆ. ಅವನು ತುಟಿಗೆ ಬೆರಳಿಟ್ಟು, ದಡ ಬಂದರೂ ನಿಲ್ಲಿಸದೆ ದೋಣಿಯನ್ನು ಇನ್ನೊಂದು ಸುತ್ತಿಗೆ ಒಯ್ದ.

ಎಚ್ಚರವಾದಾಗ ದೀಪಗಳು ಹತ್ತಿಕೊಂಡಿದ್ದವು. ಆಂಟಿ ಸೀರೆಯ ನೆರಿಗೆ ಸರಿಮಾಡಿಕೊಂಡು, "ಹಸಿವಾಗ್ತದೆ ಮಾರಾಯ್ತಿ. ಎಲ್ಲಿಗಾದ್ರೂ ಹೋಗುವ" ಎಂದರು. ಹೊಟ್ಟೆ ತುಂಬ ತಿಂದರು. ಮನೆಯ ಬಾಗಿಲಲ್ಲಿ ಕಾರಿನ ಕೀ ತೆಗೆದು ನನ್ನ ಕೈಯಲ್ಲಿಟ್ಟರು. "ನನ್ನ ಹತ್ರ ಇದ್ರೆ ಓಡಿಸಿಬಿಡ್ತೇನೆ."

ಅವರ ಹತ್ತಿರ ಕಲಿತವರೆಲ್ಲ ಸೇರಿ ಸರದಿ ಮಾಡಿಕೊಂಡೆವು. ಗ್ರಾಸರಿಗೆ ಒಬ್ಬರು, ದೇವಸ್ಥಾನಕ್ಕೆ ಒಬ್ಬರು, ಡಾಕ್ಟರ ಹತ್ತಿರ ಇನ್ನೊಬ್ಬರು. ಒಂದಷ್ಟು ಕಾಲ ಚೆನ್ನಾಗಿಯೇ ನಡೆಯಿತು. ಆದರೆ ಯಾರಿಗೋ ಮೀಟಿಂಗು, ಯಾರದೋ ಮಗುವಿಗೆ ಜ್ವರ. ಡೇಕೇರು ಮುಚ್ಚುವ ಹೊತ್ತಿಗೆ ಎಲ್ಲರಿಗೂ ಓಟ. ಆಂಟಿ ಪರ್ಸು ಹಿಡಿದು ಅಪಾರ್ಟ್‌ಮೆಂಟಿನ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದರು. ಕ್ರಮೇಣ ಅವರೇ ಕರೆಯುವುದನ್ನು ಕಡಿಮೆ ಮಾಡಿದರು. ಹಬ್ಬಕ್ಕೆ ಬನ್ನಿ ಎಂದರೆ ತಲೆನೋವು ಎನ್ನುವರು. ಬಸ್ಸು ಹಿಡಿದು ನೋಡಿದರು. ಬಸ್ಸಿನ ನಂಬರು ಓದಲಾಗುತ್ತಿರಲಿಲ್ಲ. ಒಂದು ದಿನ ಅವರೇ ಮಗನಿಗೆ ಫೋನು ಮಾಡಿ ಬಾ ಎಂದರು. ನಾನು ಜಗಳವನ್ನೇ ಆಡಿದೆ. ಹೋಗಬೇಡಿ, ನಮ್ಮ ಮನೆಯಲ್ಲೇ ಇದ್ದುಬಿಡಿ ಎಂದೆ.

"ಕೇಳಿ ಕೇಳಿ ಬದುಕ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ್ತಿ. ಅವನಾದ್ರೆ ಮಗ. ಕೇಳಬೇಕಂತ ಇಲ್ಲ, ಬೈದು ಕರ್ಕೊಂಡು ಹೋಗು ಅನ್ಬಹುದು."

ಹೊರಡುವ ದಿನ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕಿದರು. ಲೇನ್ ಬದಲಿಸುವಾಗ ಭುಜದ ಮೇಲಿಂದ ನೋಡಲಿಲ್ಲ, ಸಿಗ್ನಲ್ ತಡವಾಯಿತು, ಇಷ್ಟು ಹತ್ತಿರ ಹೋಗ್ತಾರಾ… ಕಣ್ಣಿಗೆ ಕಂಡು ಹೇಳಿದರೋ, ಅಭ್ಯಾಸದಿಂದ ಹೇಳಿದರೋ. ನನಗೆ ಸಂತೋಷವಾಗಿತ್ತು. ಆಮೇಲೆ ಫೋನಿನಲ್ಲಿ ಮಾತಾಡಿದೆವು; ಮೊದಲು ವಾರವಾರ, ಆಮೇಲೆ ಹಬ್ಬ ಹುಣ್ಣಿಮೆಗೆ. ಈ ವರ್ಷ ಚಳಿಗಾಲದಲ್ಲಿ ಅವರ ಮಗ ಫೋನು ಮಾಡಿದ. ನಿದ್ದೆಯಲ್ಲೇ ಹೋದರು ಎಂದ.

ಟ್ರೇನಿನಲ್ಲಿ ಆ ವಾಸನೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಭಾನುವಾರ ಮಗಳನ್ನು ಕರೆದುಕೊಂಡು ಆ ಸರೋವರಕ್ಕೆ ಹೋದೆ. ಗಾಳಿ ಜೋರಾಗಿತ್ತು, ನೀರಿನಲ್ಲಿ ಒಂದೂ ದೋಣಿ ಇರಲಿಲ್ಲ. ದಡದ ಮೇಲೆ ಇಬ್ಬರೂ ಸುಮ್ಮನೆ ನಡೆದೆವು. ಮಗಳು ಆಂಟಿಯನ್ನು ನೋಡಿದ್ದು ತೀರ ಚಿಕ್ಕವಳಿದ್ದಾಗ. ಅವಳಿಗೆ ಪತ್ರೊಡೆಯ ಡಬ್ಬಿ ಬಿಟ್ಟರೆ ಏನೂ ನೆನಪಿಲ್ಲ. ನಾನು ಕಣ್ಣೊರೆಸಿಕೊಂಡದ್ದನ್ನು ನೋಡಿ ಕೇಳಿದಳು, "ಅಮ್ಮಾ, ವಾಸ್ ಶಿ ಲೈಕ್… ನಮ್ಮ ರಿಲೇಟಿವಾ?"

"ಅಲ್ಲಮ್ಮ" ಎಂದೆ.

ನೆಂಟರಲ್ಲ. ಅವರು ಹೋದಾಗ ನನಗೆ ಸೂತಕವಿರಲಿಲ್ಲ. ವರ್ಷಕ್ಕೊಮ್ಮೆ ಅವರನ್ನು ನೆನೆಯಲು ನನ್ನ ಮನೆಯಲ್ಲಿ ತಿಥಿಯೂ ಇಲ್ಲ. ಅದಕ್ಕೇ ಇರಬೇಕು, ಅವರು ಯಾವ ದಿನವೆಂದು ನೋಡದೆ, ಹೇಳದೆ ಕೇಳದೆ ಬಂದುಬಿಡುತ್ತಾರೆ…