ನಡೆಗೊಂದು ತುತ್ತು

ನಮ್ಮ ಮಾವನವರಿಗೆ ಮನುಷ್ಯರ ತೂಕ ಕಿಲೋದಲ್ಲಿ ಅರ್ಥವಾಗುವುದಿಲ್ಲ, ಇಂಚಿನಲ್ಲಿ ಅರ್ಥವಾಗುತ್ತದೆ. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ನಲವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಮಾಸ್ಟರ್ ಅವರು. ರಸ್ತೆಯಲ್ಲಿ ಯಾರಾದರೂ ಎದುರಾದರೆ ಮುಖಕ್ಕಿಂತ ಮೊದಲು ಸೊಂಟ ನೋಡುತ್ತಾರೆ. "ಮೂವತ್ತೆಂಟು. ಹೋದ ವರ್ಷ ಮೂವತ್ತಾರಿದ್ದ. ಸಾಲ ತೀರಿರಬೇಕು, ನೆಮ್ಮದಿಯಾಗಿದ್ದಾನೆ" ಅನ್ನುತ್ತಾರೆ.

ಹಾಗಾಗಿ ಅವರೇ ಕರಗುತ್ತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಹೊಲಿಗೆ ಯಂತ್ರದ ಸದ್ದಿನಿಂದ. ಒಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ, ತಮ್ಮದೇ ಪ್ಯಾಂಟಿನ ಸೊಂಟಪಟ್ಟಿ ಬಿಚ್ಚಿ ಅರ್ಧ ಇಂಚು ಒಳಗೆ ಹಿಡಿದು ಹೊಲಿಯುತ್ತಿದ್ದರು.

"ಏನ್ ಮಾವ ಇದು?"

"ಬಟ್ಟೆ ಹಿಗ್ಗಿದೆ ಕಣಮ್ಮ."

ಬಟ್ಟೆ ತಾನಾಗಿ ಹಿಗ್ಗುವುದಿಲ್ಲ, ಹಿಗ್ಗುವುದು ನಿಮ್ಮ ಹೊಟ್ಟೆ ಎಂದು ಗಿರಾಕಿಗಳ ಜೊತೆ ಜೀವಮಾನವಿಡೀ ಜಗಳವಾಡಿದವರು ಹೇಳುವ ಮಾತೇ ಅದು? ಮುಂದಿನ ಹದಿನೈದು ದಿನಕ್ಕೆ ಮತ್ತೆ ಸದ್ದು. ಇನ್ನರ್ಧ ಇಂಚು.

ಕಾರಣ ಒಂದು ಜ್ವರ. ಇಪ್ಪತ್ತಮೂರು ದಿನ ಇತ್ತು, ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಯಿತು. ಏನು ಕೊಟ್ಟರೂ "ಕಾಲರಿನೊಳಗೆ ಹಾಕೋ ಕ್ಯಾನ್ವಾಸ್ ಅಗಿದಂಗಿದೆ" ಅನ್ನುತ್ತಿದ್ದರು. ಎಲ್ಲ ಪರೀಕ್ಷೆಯಾಯಿತು, ಯಾವುದರಲ್ಲೂ ಏನೂ ಇಲ್ಲ. ಡಾಕ್ಟರು ತೂಕ ನೋಡಿದರು. ನಲವತ್ತೈದು ಕಿಲೋ ಎಂಟುನೂರು ಗ್ರಾಂ. "ಇನ್ನು ಐದು ವಾರ ಬಿಟ್ಟು ಸೋಮವಾರ ಬನ್ನಿ. ನಲವತ್ತೈದಕ್ಕಿಂತ ಕೆಳಗಿಳಿದಿದ್ದರೆ ಇಲ್ಲೇ ಸೇರಿಸಿಕೊಂಡು ಮೂಗಿನಿಂದ ಟ್ಯೂಬ್ ಹಾಕಿ ಊಟ ಕೊಡಬೇಕಾಗುತ್ತೆ" ಎಂದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಾವ ನನ್ನ ಮೊಣಕೈ ಹಿಡಿದುಕೊಂಡು, "ಮೂಗಲ್ಲಿ ದಾರ ಪೋಣಿಸೋಕೆ ನಾನೇನು ಸೂಜಿನಾ?" ಎಂದು ನಕ್ಕರು. ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ನಗು ಇರಲಿಲ್ಲ. "ನಮ್ಮಣ್ಣ ಅದನ್ನ ಹಾಕಿಸ್ಕೊಂಡು ಮಲಗಿದವನು ಮತ್ತೆ ಮನೆಗೆ ಬರಲಿಲ್ಲ. ನನಗೆ ಅದು ಬೇಡ ಕಣಮ್ಮ. ನೀನು ನೋಡ್ಕೋ."

ನೀನು ನೋಡ್ಕೋ ಅಂದರೆ ನಾನೇನು ನೋಡಿಕೊಳ್ಳಲಿ? ಮನೆಯಲ್ಲಿ ಆಗಲೇ ಉಣ್ಣದ ಇನ್ನೊಂದು ಜೀವ ಇತ್ತು, ನನ್ನ ಎರಡೂವರೆ ವರ್ಷದ ಮಗಳು. ತುತ್ತು ಕಂಡರೆ ತುಟಿ ಬಿಗಿಯುತ್ತಾಳೆ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು, ಕೇಳೋಣವೆಂದರೆ ಹಿರಿಯರಿಲ್ಲ. ನನ್ನ ಗಂಡ ಕಾರ್ಖಾನೆಯ ಪಾಳಿ ಮುಗಿಸಿ ಬಂದು, "ಹಸಿವಾದ್ರೆ ತಿಂತಾರೆ ಬಿಡು, ಸುಮ್ನೆ ತಲೆ ಕೆಡಿಸ್ಕೋತೀಯ" ಎಂದು ಮಲಗುತ್ತಾರೆ. ನನ್ನ ತಲೆ ಕೆಡುವುದು ನಿಜ. ಹುರಿದ ಕಡಲೆಬೀಜ ಮಗಳ ಗಂಟಲಿಗೆ ಸಿಕ್ಕಿದರೆ ಎಂದು ನಾನು ಅದನ್ನು ಮನೆಗೇ ತರಿಸುವುದಿಲ್ಲ.

ದಾರಿ ತೋರಿಸಿದ್ದು ಪೋಸ್ಟ್‌ಮ್ಯಾನ್ ಮಾಮ. ಮಾವನ ಹಳೆಯ ಗೆಳೆಯ, ನಿವೃತ್ತಿಯಾದ ಮೇಲೂ ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲು ಬಡಿಯುವವರು. ಇಬ್ಬರೂ ಕಿಟಕಿಯ ಪಕ್ಕದ ಕತ್ತರಿಸುವ ಮೇಜಿನ ಮೇಲೆ ಚದುರಂಗ ಹಾಸುತ್ತಿದ್ದರು. ಎರಡು ಕರಿ ಸಿಪಾಯಿ ಎಂದೋ ಕಳೆದುಹೋಗಿ, ಅವುಗಳ ಜಾಗದಲ್ಲಿ ಕೋಟಿನ ದೊಡ್ಡ ಗುಂಡಿಗಳು ನಿಂತಿದ್ದವು. ಒಂದು ನಿಯಮ ಇತ್ತು: ತಿನ್ನುವುದು ಬಲಗೈ, ನಡೆಸುವುದು ಎಡಗೈ. ಬೆಣ್ಣೆ ಮೆತ್ತಿದ ಕೈಯಲ್ಲಿ ಕಾಯಿ ಮುಟ್ಟಿದವನಿಗೆ ಒಂದು ನಡೆ ನಷ್ಟ.

ಅವತ್ತು ಮಾಮನಿಗೆಂದು ಬೇಯಿಸಿದ ಆಲೂಗಡ್ಡೆಗೆ ಉಪ್ಪು ಮೆಣಸು ಹಾಕಿ ತಂದಿಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮಾವನ ಬಲಗೈ ತಾನಾಗಿ ತಟ್ಟೆಗೆ ಹೋಗಿ ಬರುತ್ತಿದೆ. ಎಡಗೈ ಕುದುರೆ ಎತ್ತಿತು, ಬಲಗೈ ಆಲೂಗಡ್ಡೆ ಎತ್ತಿತು. ಬಾಯಿಗೆ ರುಚಿ ಬಂದಿದೆಯೋ ಇಲ್ಲವೋ ಕೇಳುವಷ್ಟು ಪುರುಸೊತ್ತು ತಲೆಗಿರಲಿಲ್ಲ, ಅದು ಆಟದಲ್ಲಿತ್ತು. ನಾನು ಬಾಗಿಲ ಹಿಂದೆ ನಿಂತು ತುತ್ತು ಎಣಿಸಿದೆ.

"ಲೇ ಕತ್ತರಿ, ನನ್ನ ಪಾಲೂ ನೀನೇ ನುಂಗಿದೆಯಲ್ಲೋ" ಎಂದು ಮಾಮ ತಟ್ಟೆ ನೋಡಿದರು.

"ನಿನ್ನ ಆನೆ ನುಂಗಿದ್ದು ಕಾಣಲಿಲ್ಲ, ಆಲೂಗಡ್ಡೆ ಕಾಣಿಸ್ತಾ ನಿಂಗೆ?"

ಎರಡು ವಾರ ಹೊಲಿಗೆ ಯಂತ್ರ ಸದ್ದು ಮಾಡಲಿಲ್ಲ. ಆಮೇಲೆ ಮಾಮನಿಗೆ ಕಣ್ಣಿನ ಆಪರೇಷನ್ ಆಯಿತು. ಒಂದು ತಿಂಗಳು ತಲೆ ಬಗ್ಗಿಸುವಂತಿಲ್ಲ, ಮಗಳ ಮನೆಯಲ್ಲಿ ಇರಬೇಕು. ಹೋಗುವ ಮುಂಚೆ ನನ್ನನ್ನು ಅಡುಗೆಮನೆಗೆ ಕರೆದು, ಸಕ್ಕರೆ ಡಬ್ಬಿ ಉಪ್ಪಿನ ಡಬ್ಬಿ ಇಟ್ಟುಕೊಂಡು ಯಾವ ಕಾಯಿ ಹೇಗೆ ನಡೆಯುತ್ತದೆ ಎಂದು ಕಲಿಸಿದರು. "ಗೆಲ್ಲೋ ಆಸೆ ಬೇಡಮ್ಮ. ಆಟ ಎಳಿ. ಆಟ ಎಷ್ಟು ಉದ್ದವೋ ಊಟ ಅಷ್ಟು."

ಮೊದಲ ದಿನ ನಾನು ಏಳೇ ನಡೆಗೆ ಸೋತೆ. ಮಾವ ಮೂರು ಚೂರು ತಿಂದಿದ್ದರು. "ಇನ್ನೊಂದು ಆಟ ಆಡೋಣ ಮಾವ" ಎಂದರೆ, "ನೂಲೇ ಇಲ್ಲದ ಯಂತ್ರ ತುಳಿದಂಗಾಗುತ್ತೆ ಕಣಮ್ಮ ನಿನ್ನ ಜೊತೆ" ಎಂದು ಎದ್ದುಬಿಟ್ಟರು. ಆ ವಾರ ಯಂತ್ರ ಮತ್ತೆ ಸದ್ದು ಮಾಡಿತು.

ನನಗೆ ಸೋಲುವುದು ಅಭ್ಯಾಸವಿಲ್ಲ. ಶಾಲೆಯಲ್ಲಿ ಎರಡನೇ ಸ್ಥಾನ ಬಂದರೂ ಊಟ ಬಿಟ್ಟವಳು. ಮಗಳು ಮಲಗಿದ ಹೊತ್ತಿನಲ್ಲಿ ಫೋನಿನಲ್ಲಿ ಚದುರಂಗ ಆಡಿ ಆಡಿ ಕಲಿತೆ. ಹದಿನೈದು ನಡೆ ತಾಳಿಕೊಂಡೆ, ಆಮೇಲೆ ಮೂವತ್ತು. ಮೂವತ್ತು ನಡೆಗೆ ಒಂದು ಮೊಟ್ಟೆ, ಬೆಣ್ಣೆ ಸವರಿದ ಎರಡು ಬ್ರೆಡ್ಡು, ಅರ್ಧ ಬಾಳೆಹಣ್ಣು ಒಳಗೆ ಹೋಗುತ್ತಿತ್ತು. ಮಾವ ನನ್ನನ್ನು ನೋಡುವ ರೀತಿ ಬದಲಾಯಿತು. ಫೋನಿನಲ್ಲಿ ಮಾಮನಿಗೆ, "ಸೊಸೆ ಆಡ್ತಾಳಯ್ಯ. ನಿನ್ನಂಗೆ ಅಂಚೆ ಹಂಚ್ಕೊಂಡು ಹೋಗಲ್ಲ, ಯೋಚನೆ ಮಾಡ್ತಾಳೆ" ಎನ್ನುವುದು ಕೇಳಿಸಿತು. ನಾನು ಉಬ್ಬಿಹೋದೆ.

ಡಾಕ್ಟರು ಕೊಟ್ಟ ಐದು ವಾರದಲ್ಲಿ ನಾಲ್ಕನೆಯದರ ಒಂದು ಮಧ್ಯಾಹ್ನ ನನ್ನ ಕುದುರೆ ಒಂದೇ ನೆಗೆತಕ್ಕೆ ಅವರ ಮಂತ್ರಿಗೂ ಆನೆಗೂ ಗುರಿಯಿಟ್ಟು ಕೂತಿತು. ಮಾವ ಗಲ್ಲಕ್ಕೆ ಕೈ ಕೊಟ್ಟರು. ಆ ದಿನದಿಂದ ಆಟಗಳು ಒಂದೊಂದೂ ಒಂದೂವರೆ ಗಂಟೆ ನಡೆದವು. ತಟ್ಟೆ ದಿನವೂ ಖಾಲಿಯಾಗುತ್ತಿತ್ತು, ನಾನು ದಿನವೂ ಇನ್ನೊಂದು ಬ್ರೆಡ್ಡು ಹೆಚ್ಚಿಗೆ ಇಡುತ್ತಿದ್ದೆ. ಗಂಡನಿಗೆ, "ನೋಡಿ, ತಲೆ ಕೆಡಿಸಿಕೊಂಡಿದ್ದಕ್ಕೇ ಆಯ್ತು" ಎಂದೆ.

ಗುರುವಾರ ಬೆಳಿಗ್ಗೆ ಯಂತ್ರದ ಸದ್ದು. ಓಡಿದೆ. ಸೊಂಟಪಟ್ಟಿ ಬಿಚ್ಚಿತ್ತು. ಈ ಸಲ ಮುಕ್ಕಾಲು ಇಂಚು. ಸೋಮವಾರಕ್ಕೆ ನಾಲ್ಕೇ ದಿನ.

ಅವತ್ತು ಸಂಜೆ ಆಡುವಾಗ ನಾನು ಹಾಸಿನ ಮೇಲಿಂದ ಕಣ್ಣು ತೆಗೆದೆ. ಅಷ್ಟು ದಿನ ತೆಗೆದೇ ಇರಲಿಲ್ಲ, ಅದೇ ನಾನು ಮಾಡಿದ ತಪ್ಪು. ಮಾವ ಒಂದು ಬ್ರೆಡ್ ಚೂರು ಎತ್ತಿದರು. ನನ್ನ ಕುದುರೆಯ ನಡೆ ನೋಡಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತು. ಕರಗಿದ ಬೆಣ್ಣೆ ಮಣಿಕಟ್ಟಿಗೆ ಇಳಿಯುತ್ತಿದ್ದರೂ ಅವರಿಗೆ ಪರಿವೆಯಿಲ್ಲ. ಆಗ ಮೇಜಿನ ಕೆಳಗಿಂದ ಒಂದು ಪುಟ್ಟ ಕೈ ಮೇಲೆ ಬಂತು. ಅಜ್ಜನ ಬೆರಳಿನಿಂದ ಆ ಚೂರು ಬಿಡಿಸಿಕೊಂಡು ಕೆಳಗೆ ಹೋಯಿತು. ಮತ್ತೆ ಬಂತು, ತಟ್ಟೆಯಿಂದ ಮೊಟ್ಟೆ ತೆಗೆದುಕೊಂಡಿತು.

ಬಗ್ಗಿ ನೋಡಿದೆ. ಮಗಳು ಬಟ್ಟೆಚೂರುಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಎರಡು ಕೆನ್ನೆಯೂ ತುಂಬಿತ್ತು. ವರ್ಷದಿಂದ ನಾನು ಅತ್ತು ಕರೆದು ಬೇಡಿಕೊಂಡರೂ ಬಾಯಿ ತೆರೆಯದವಳು. ಗದರಲೇ? ಹೇಗೆ ಗದರಲಿ? ಅವಳ ಲಂಗದ ಸೊಂಟ ಬಿಗಿಯಾಗಿದ್ದು ಆಗ ಕಂಡಿತು. ಬಾಯಲ್ಲಿ ಗುಂಡಿ ಏನಾದರೂ ಇದೆಯೇ ಎಂದು ಬೆರಳು ಹಾಕಿ ನೋಡಿ, ಎರಡೂ ಗುಂಡಿ ಹಾಸಿನ ಮೇಲೇ ಇವೆಯೆಂದು ಎಣಿಸಿಕೊಂಡು, ಮತ್ತೆ ಆಟಕ್ಕೆ ಕೂತೆ.

ಕೆಟ್ಟದಾಗಿ ಆಡಿದರೆ ಆಟ ಬೇಗ ಮುಗಿಯುತ್ತದೆ, ಮೂರು ತುತ್ತು. ಚೆನ್ನಾಗಿ ಆಡಿದರೆ ಅವರು ಯೋಚನೆಗೆ ಬೀಳುತ್ತಾರೆ, ಒಂದು ತುತ್ತೂ ಇಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶುಕ್ರವಾರ ನಡುದಾರಿ ಹಿಡಿಯಲು ಹೋದೆ. ಒಂದು ಒಳ್ಳೆಯ ನಡೆ, ಒಂದು ಪೆದ್ದು ನಡೆ. ಮಾವ ಐದನೇ ನಡೆಗೇ ತಲೆಯೆತ್ತಿದರು.

"ಬೇಕಂತಲೇ ಹೊಲಿಗೆ ಬಿಡ್ತಿದೀಯ."

"ಇಲ್ಲ ಮಾವ, ಕಾಣಲಿಲ್ಲ."

"ನಲವತ್ತೊಂದು ವರ್ಷ ಹೊಲಿಗೆ ನೋಡಿದೀನಿ. ಕೈ ತಪ್ಪಿ ಬಿಟ್ಟಿದ್ದು ಯಾವುದು, ತಿಳಿದು ಬಿಟ್ಟಿದ್ದು ಯಾವುದು ಗೊತ್ತಾಗಲ್ವಾ?"

"ನೀವು ಯೋಚನೆಗೆ ಬಿದ್ರೆ ತಿನ್ನಲ್ಲ ಮಾವ. ಸೋಮವಾರ ತೂಕ ನೋಡ್ತಾರೆ. ನಿಮ್ಮ ದಮ್ಮಯ್ಯ, ಇದೊಂದು ಬ್ರೆಡ್ಡು ತಿಂದ್ಬಿಡಿ."

ಅವರು ಬ್ರೆಡ್ಡು ತೆಗೆದುಕೊಂಡರು. ನನಗೋಸ್ಕರ, ಆಟವಿಲ್ಲದೆ, ಕಚ್ಚಿದರು. ಅಗಿದರು, ಅಗಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಕರವಸ್ತ್ರದೊಳಗೆ ಉಗಿದು ಅದನ್ನು ನಾಲ್ಕು ಮಡಿಕೆ ಮಡಿಸಿದರು. "ಇಳೀತಿಲ್ಲ ಕಣಮ್ಮ. ತಪ್ಪು ತಿಳ್ಕೋಬೇಡ" ಎಂದರು.

ಶನಿವಾರ ಹಾಲು ಮಾತ್ರ. ಭಾನುವಾರ ಮಧ್ಯಾಹ್ನ ಮತ್ತೆ ಯಂತ್ರದ ಸದ್ದು ಕೇಳಿಸಿತು. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ, ಕುಕ್ಕರಿನ ಮುಂದೆ ನಿಂತು ಕಿವಿ ಮುಚ್ಚಿಕೊಂಡೆ.

ಸೋಮವಾರ ಮಾವ ಹಳೆಯ ಕೋಟು ಹಾಕಿಕೊಂಡು ಹೊರಟರು. ಆಸ್ಪತ್ರೆಯಲ್ಲಿ ನರ್ಸು ಚಪ್ಪಲಿ ಬಿಡಿ ಅಂದಳು, ಬಿಟ್ಟರು. ಕೋಟಿನ ಕಡೆ ನೋಡಿದಳು. "ಚಳಿ ಕಣಮ್ಮ, ಮೂಳೆ ಮೇಲೆ ಇರೋದು ಇದೊಂದೇ" ಅಂದರು. ಅವಳು ನಕ್ಕು ಬಿಟ್ಟಳು. ತೂಕದ ಮುಳ್ಳು ನಡುಗಿ ನಿಂತಿತು.

"ನಲವತ್ತೈದು ಇನ್ನೂರು."

ಅವರನ್ನು ಕೆಳಗಿಳಿಸಲು ತೋಳಿನಡಿ ಕೈ ಹಾಕಿದೆ. ಕೋಟಿನೊಳಗೆ ಏನೋ ಗಟ್ಟಿಯಾದದ್ದು ನನ್ನ ಬೆರಳಿಗೆ ಬಡಿಯಿತು. ಉದ್ದಕ್ಕೆ, ಮೇಲೆ ಎರಡು ಬಳೆಯ ಹಾಗೆ. ಯಾರನ್ನೂ ಮುಟ್ಟಲು ಬಿಡದ ಅವರ ದೊಡ್ಡ ಕತ್ತರಿ. ಅದರ ಅಳತೆಗೆ ಸರಿಯಾಗಿ ಹೊಸದೊಂದು ಒಳಜೇಬು ಹೊಲಿದಿದ್ದರು. ಭಾನುವಾರದ ಸದ್ದು ಅದು.

ಮಾವ ನನ್ನನ್ನೇ ನೋಡುತ್ತಿದ್ದರು.

ಡಾಕ್ಟರು ಕಾಗದದ ಮೇಲೆ ಬರೆದುಕೊಂಡು, "ಇಳಿದಿದೆ, ಆದ್ರೂ ಮಿತಿಯೊಳಗಿದೆ. ಇನ್ನು ಎರಡು ವಾರ ಬಿಟ್ಟು ನೋಡೋಣ. ಮನೇಲಿ ಹೇಗೆ ತಿಂತಿದ್ದಾರಮ್ಮ? ಏನಾದ್ರೂ ಹೇಳೋದಿದೆಯಾ?" ಎಂದು ನನ್ನನ್ನು ಕೇಳಿದರು.

ಹೇಳಬೇಕಿತ್ತು. ಓದಿದವಳು ನಾನು, ಮಗಳಿಗೆ ಸೀನು ಬಂದರೆ ಡಾಕ್ಟರಿಗೆ ಮೂರು ಸಲ ಫೋನ್ ಮಾಡುವವಳು. ಬಾಯಿ ತೆರೆದೆ. ಮೆಟ್ಟಿಲ ಮೇಲೆ ಮೊಣಕೈ ಹಿಡಿದ ಕೈ ನೆನಪಾಯಿತು.

"ಇಲ್ಲ" ಎಂದೆ.

ಬಸ್ಸಿನಲ್ಲಿ ಕೂತ ಮೇಲೆ ಮಾವ ಕತ್ತರಿ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಭಾರ. ಭುಜ ಹರೀತಿದೆ."

"ಎಷ್ಟಿದೆ ಮಾವ ಇದು?"

"ಒಂಬೈನೂರು ಗ್ರಾಂ. ಹಿಡಿಕೆಗೆ ಬಟ್ಟೆ ಬೇರೆ ಸುತ್ತಿದೀನಿ, ಇನ್ನೊಂದು ಸ್ವಲ್ಪ."

ನಾನು ಕಳೆದು ನೋಡಿದೆ. ಮತ್ತೊಮ್ಮೆ ಕಳೆದೆ. ಉತ್ತರ ಬದಲಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಮಾವ ಹೇಳಿದರು: "ಗುರುವಾರ ಆಡಿದ್ಯಲ್ಲ ಆ ಕುದುರೆ ನಡೆ, ಅದಕ್ಕೆ ಉತ್ತರ ಸಿಕ್ತು. ಸಂಜೆ ತೋರಿಸ್ತೀನಿ."

"ತಿಂತೀರಾ?"

"ನೋಡೋಣ. ನೀನು ಸರಿಯಾಗಿ ಆಡು, ಅಷ್ಟೇ."

ಮನೆಗೆ ಬಂದು ಕತ್ತರಿಯನ್ನು ಅದರ ಮೊಳೆಗೆ ನೇತುಹಾಕಿದೆ. ಎರಡು ಆಲೂಗಡ್ಡೆ ಬೇಯಲು ಇಟ್ಟೆ, ಬ್ರೆಡ್ಡಿಗೆ ಬೆಣ್ಣೆ ಸವರಿದೆ. ನಾಲ್ಕು ಗಂಟೆಗೆ ಮಾವ ಹಾಸು ಬಿಚ್ಚಿ ಕಾಯಿ ಜೋಡಿಸಿದರು, ಗುಂಡಿಗಳನ್ನೂ ಅವುಗಳ ಜಾಗದಲ್ಲಿಟ್ಟರು. ನಾನು ತಟ್ಟೆ ತಂದಿಡುವ ಮೊದಲೇ ಮಗಳು ಮೇಜಿನ ಕೆಳಗೆ ಹೋಗಿ ಕೂತಿದ್ದಳು, ಬಾಯಿ ತೆರೆದುಕೊಂಡು.