ಇಲಿ ಕಡಿದ ತಂತಿ

ಸುರಪುರದ ನಮ್ಮ ಮನೆಗೆ ಇಂಟರ್ನೆಟ್ ಬರುತ್ತಿದ್ದುದು ಪಡಸಾಲೆಯಲ್ಲಿದ್ದ ಅಣ್ಣನ ಕಂಪ್ಯೂಟರಿಗೆ. ಅಲ್ಲಿಂದ ಕಲ್ಲುಗೋಡೆ ಕೊರೆಸಿ, ಒಳಕೋಣೆಯ ನನ್ನ ಕಂಪ್ಯೂಟರಿಗೆ ಒಂದು ತಂತಿ ಎಳೆಸಿದವನು ಅಪ್ಪ. ಅಣ್ಣನದು ಆರಿದರೆ ನನ್ನದೂ ಕುರುಡು. ಆ ಗೋಡೆಗಳ ನಡುವೆ ಫೋನಿಗೆ ಸಿಗ್ನಲ್ ಹತ್ತುತ್ತಿರಲಿಲ್ಲ. ಪಿಎಚ್‌ಡಿ ಅರ್ಜಿಗೆ ಅದೊಂದೇ ದಾರಿ.

ಕೆಂಭಾವಿಯ ಸೋದರತ್ತೆಗೆ ಅಪ್ಪ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ್ದ: "ಮಗಳಿಗೂ ಹಿಸ್ಸಾ ಕೊಟ್ಟೀನಿ ತಂಗಿ."

ಅವನು ಹೇಳಿದ್ದು ಇಂಟರ್ನೆಟ್ಟಿನ ಮಾತು. ಆದರೆ ನಮ್ಮ ಕಡೆ ಹಿಸ್ಸಾ ಎಂದರೆ ಹೊಲಮನೆಯ ಪಾಲು. ಅತ್ತೆ ಹಾಗೆಯೇ ತಿಳಿದಳು. ಕೆಂಭಾವಿ ಸಂತೆಗೆ ಹೋಗಿದ್ದ ಅಣ್ಣನ ಕಿವಿಗೂ ಹಾಗೆಯೇ ಹಾಕಿದಳು.

ಅಂದು ಅರ್ಜಿಗೆ ಕಡೆಯ ದಿನ. ಪ್ರಬಂಧದ ಪುಟಗಳು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಅರ್ಧ ಏರಿದ್ದವು. ಅಣ್ಣ ಚಪ್ಪಲಿ ಸಹ ಬಿಡದೆ ಒಳಕೋಣೆಗೆ ಬಂದ.

"ಹಿಸ್ಸಾ ಬೇಕೇನ ನಿನಗ?"

ತಂತಿಯ ಮಾತೆಂದುಕೊಂಡು ನಾನು ಅಂದೆ: "ಅಪ್ಪನ ಕೊಟ್ಟಾನಲ್ಲ."

ಅವನು ಬಾಯಿಗೆ ಗುದ್ದಿದ. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ತಂತಿಯನ್ನು ಕಿತ್ತು, ಮುಂಗೈಗೆ ಸುತ್ತಿಕೊಂಡು ಬೆನ್ನಿಗೆ ಬಾರಿಸಿದ. ಅದರ ತುದಿಯ ಪ್ಲಾಸ್ಟಿಕ್ ಪಿನ್ನು ಮೊಳೆಯಂತೆ ನಾಟಿತು. ಆಮೇಲೆ ಮೂಲೆಯಲ್ಲಿದ್ದ ಕುಡುಗೋಲಿನಿಂದ ಅದನ್ನು ಗೋಡೆಯ ಹತ್ತಿರ ಕೊಯ್ದ. ಪರದೆಯ ಮೇಲಿನ ಅರ್ಜಿ ಅರ್ಧಕ್ಕೇ ನಿಂತಿತು. ನನ್ನ ಒಂದು ವರ್ಷ ಅಲ್ಲಿಗೆ ಮುಗಿಯಿತು.

ಅಪ್ಪ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ಕೊಟ್ಟ ಹಿಸ್ಸಾ ಹೊಲದ್ದಲ್ಲ, ಇಂಟರ್ನೆಟ್ಟಿನದೆಂದು ಆಮೇಲೆ ಅಣ್ಣನಿಗೆ ತಿಳಿಸಿ ಹೇಳಿದವನೂ ಅವನೇ. ಅಣ್ಣ ನಕ್ಕ. ಮನೆಗೆ ಬಂದವರಿಗೆಲ್ಲ ಅಪ್ಪ ಒಂದೇ ಪಾಠ ಒಪ್ಪಿಸಿದ: ತುಟಿ ಒಡದೈತಿ, ತಂತಿ ಹರದೈತಿ. ವ್ಯಾಕರಣ ಓದಿದವಳು ನಾನು. ಕರ್ತೃವನ್ನು ಬಚ್ಚಿಡುವ ವಾಕ್ಯ ಗುದ್ದಿದ ಕೈಗಿಂತ ಕಡಿಮೆ ಅಪರಾಧಿಯಲ್ಲ.

ಮೂರನೆಯ ದಿನ ಕೇಬಲ್‌ನವರನ್ನು ಅಪ್ಪನೇ ಕರೆಸಿದ. ಬಂದವರು ತುಂಡನ್ನು ತಿರುವಿ ನೋಡಿ, ಇದು ಕೊಯ್ದಂಗ ಕಾಣ್ತದಲ್ಲರಿ ಎಂದರು.

"ಇಲಿ ಕಡದೈತ್ರಿ," ಅಂದ ಅಪ್ಪ.

ಕೊನೆಗೂ ಒಬ್ಬ ಕರ್ತೃ ಸಿಕ್ಕಿದ್ದ, ಅದೂ ನಾಲ್ಕು ಕಾಲಿನವನು. ನಾನು ಗೋಡೆಯ ರಂಧ್ರಕ್ಕೆ ಅಂಗೈ ಒತ್ತಿ ನಿಂತೆ. "ಯಾರು ಕೊಯ್ದಾರಂತ ನೀನ ಹೇಳು, ಅಪ್ಪ. ಅಲ್ಲೀತನ ಹೊಸಾ ತಂತಿ ಬ್ಯಾಡ."

ಅಪ್ಪ ಬಾಗಿಲಲ್ಲಿ ನಿಂತಿದ್ದ ಅಣ್ಣನ ಮುಖ ನೋಡಿದ, ನೆಲ ನೋಡಿದ. ಕೇಬಲ್‌ನವರು ತಂದಿದ್ದ ಹೊಸ ತಂತಿ ಸುತ್ತಿಕೊಂಡು ಹೊರಟುಹೋದರು.

ಈಗ ದಿನಾಲು ಬಸ್ಸು ಹತ್ತಿ ಶಹಾಪುರದ ಗೆಳತಿಯ ಮನೆಯಲ್ಲಿ ಕೂತು ಬರೆಯುತ್ತೇನೆ. ಆ ರಂಧ್ರ ಇನ್ನೂ ಹಾಗೆಯೇ ಇದೆ. ಸಿಮೆಂಟು ಮೆತ್ತಲು ಅಪ್ಪ ಎರಡು ಸಲ ಬಂದ. ಎರಡು ಸಲವೂ ಅದೇ ಪ್ರಶ್ನೆ ಕೇಳಿದೆ.